ತಾಮ್ರದ ಪಟ್ಟಿಯ ಆಚೆ

ಡೆನ್ಜಿಲ್ ಟ್ರೆಂಬಾತ್‌ಗೆ ನಾನು ಆಡಿದ ಮೊದಲ ಮಾತನ್ನು ಎರಡು ಊರುಗಳು ಕೇಳಿಸಿಕೊಂಡಿದ್ದವು.

"ಕೆಂಪು ಟೋಪಿಯವರೇ, ಗೇಟು ಬಿದ್ದಿದೆ. ಹಿಂದಕ್ಕೆ ಹೋಗಿ."

ಧ್ವನಿವರ್ಧಕದಲ್ಲಿ ಹೇಳಿದ್ದೆ. ಸೇತುವೆ ನಡೆಸುವವಳಿಗೆ ಬೇರೆ ಗಂಟಲಿಲ್ಲ. ಸುಪೀರಿಯರ್ ಸರೋವರದ ಕಡೆಯಿಂದ ಹಡಗೊಂದು ಕೂಗು ಹಾಕುತ್ತ ಕಾಲುವೆಗೆ ಬಂದಿತ್ತು. ಗೋಪುರದ ಮೇಲಿನ ನನ್ನ ಗೂಡಿನಲ್ಲಿ ಕೂತು, ಸೇತುವೆಯ ನಡುಹಾಸನ್ನು ಲಿಫ್ಟಿನಂತೆ ನೇರ ಮೇಲಕ್ಕೆತ್ತಲು ಹಿಡಿಯ ಮೇಲೆ ಕೈಯಿಟ್ಟಿದ್ದೆ. ಅಷ್ಟರಲ್ಲಿ ದಕ್ಷಿಣದ ಊರು ಪೆನ್‌ರೋಸ್ ಕಡೆಯಿಂದ ಸೈಕಲ್ಲೊಂದು ಗೇಟಿನಡಿ ನುಸುಳಿ ಬಂತು. ಹಿಂದೆ ಬುಟ್ಟಿ, ಬುಟ್ಟಿಯಲ್ಲಿ ಹಬೆಯಾಡುವ ಏನೋ.

ಆತ ನಿಂತ. ಟೋಪಿ ತೆಗೆದು ಬಾಗಿ ಕ್ಷಮೆ ಕೇಳಿದ, ನಾನಿದ್ದ ಗೋಪುರಕ್ಕಲ್ಲ, ಸೇತುವೆಯ ಇನ್ನೊಂದು ತುದಿಯ ಖಾಲಿ ಗೋಪುರಕ್ಕೆ. ಕಾರುಗಳಲ್ಲಿ ಕಾಯುತ್ತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಗುಂಡಿ ಆರಿಸಲು ಮರೆತಿದ್ದರಿಂದ ಆ ನಗುವನ್ನೂ ಎರಡು ಊರುಗಳು ಕೇಳಿಸಿಕೊಂಡವು.

ಮರುದಿನ ಪಾಳಿ ಮುಗಿಸಿ ಇಳಿದಾಗ ಗೋಪುರದ ಬುಡದಲ್ಲಿ ಆತ ಕಾಯುತ್ತಿದ್ದ. ಕೈಯಲ್ಲಿ ಕಾಗದದಲ್ಲಿ ಸುತ್ತಿದ ಪಾಸ್ಟಿ. ಮಾಂಸ, ಆಲೂಗಡ್ಡೆ ತುಂಬಿ ಒಲೆಯಲ್ಲಿ ಸುಟ್ಟ ಈ ದೊಡ್ಡ ಕಡುಬಿನ ಮೇಲೆಯೇ ನಮ್ಮ ಎರಡೂ ಊರಿನ ಗಣಿ ಕಾರ್ಮಿಕರು ಬದುಕಿದ್ದರು. ಆತನದು ಪೆನ್‌ರೋಸಿನ ಕಡುಬಿನಂಗಡಿ. ಮುರಿದು ನೋಡಿದರೆ ಒಳಗೆ ಟರ್ನಿಪ್ ಗೆಡ್ಡೆ.

"ಸಾಲ್ಮಿಯವರ ಹತ್ರ ಕ್ಷಮೆ ಕೇಳೋಕೆ ಟರ್ನಿಪ್ ಹಾಕ್ಕೊಂಡು ಬರ್ತಾರಾ?" ಎಂದೆ. ಉತ್ತರ ದಡದ ನಮ್ಮ ಸಾಲ್ಮಿಯಲ್ಲಿ, ಫಿನ್ನಿಷ್ ಮನೆಗಳಲ್ಲಿ, ಅದಕ್ಕೆ ಕ್ಯಾರೆಟ್ಟೇ ಹಾಕಬೇಕು.

"ನಿಮ್ಮ ಕಡೆ ಕ್ಯಾರೆಟ್ ಹಾಕೋರು ಕೊಲೆಗೂ ಹೆದರಲ್ಲ ಅಂತ ನಮ್ಮಜ್ಜಿ ಹೇಳ್ತಿದ್ರು," ಎಂದ, ತೀರಾ ಗಂಭೀರವಾಗಿ.

ಮುಂದಿನ ವಾರ ತಂದ ಕಡುಬಿನ ಒಂದು ತುದಿಯಲ್ಲಿ ಟರ್ನಿಪ್, ಇನ್ನೊಂದು ತುದಿಯಲ್ಲಿ ಕ್ಯಾರೆಟ್. ಗಣಿಯ ಕತ್ತಲಲ್ಲಿ ಯಾರ ಬುತ್ತಿ ಯಾರದೆಂದು ತಿಳಿಯಲು ಹಿಂದೆ ಹಿಟ್ಟಿನ ಮೂಲೆಯಲ್ಲಿ ಹೆಸರಿನ ಅಕ್ಷರ ಕೊರೆಯುತ್ತಿದ್ದರು. ಕ್ಯಾರೆಟ್ಟಿನ ತುದಿಯಲ್ಲಿ ಆತ ಸೈಮಿ ಎಂಬ ನನ್ನ ಹೆಸರಿನ ಮೊದಲ ಅಕ್ಷರ ಕೊರೆದಿದ್ದ. ಆ ತುದಿಯನ್ನು ಎಷ್ಟು ಹೊತ್ತಾದರೂ ತಿನ್ನಲಾಗದೆ ಕಿಟಕಿಯ ಬಳಿ ಇಟ್ಟುಕೊಂಡು ಕೂತಿದ್ದೆ. ಕೊನೆಗೆ ಹಸಿವೆಗೆ ಸೋತೆ.

ಆಮೇಲೆ ಸೇತುವೆ ಏಳುವಾಗಲೆಲ್ಲ ದಕ್ಷಿಣದ ಗೇಟಿನ ಮುಂದೆ ಮೊದಲು ನಿಲ್ಲುತ್ತಿದ್ದವನು ಅವನೇ. ನಿಯಮದಂತೆ ನಾನು, ದಯವಿಟ್ಟು ಎಂಜಿನ್ ಆರಿಸಿ, ಎನ್ನಬೇಕು. ಸೈಕಲ್ಲಿನ ಮೇಲೆ ಕೂತವನು ಇಲ್ಲದ ಕೀಲಿಯನ್ನು ಬಹಳ ವಿಧೇಯನಾಗಿ ತಿರುಗಿಸುತ್ತಿದ್ದ. ನಂತರ ತಲೆಯೆತ್ತಿ ಸರಿಯಾದ ಗೋಪುರವನ್ನೇ ನೋಡುತ್ತಿದ್ದ. ಹಡಗು ನಿಧಾನವಾಗಿ ಹೋದಷ್ಟೂ ನನಗೆ ಒಳ್ಳೆಯದಿತ್ತು.

ನನ್ನ ಅಮ್ಮ ಲೆಂಪಿ ಕಾಂಗಸ್ ಮಾತ್ರ ಪೆನ್‌ರೋಸಿನ ನೆಲಕ್ಕೆ ಕಾಲಿಟ್ಟವಳಲ್ಲ. ಆಸ್ಪತ್ರೆಗೂ ಸುತ್ತು ಹಾಕಿ ದೂರದ ಊರಿಗೆ ಹೋಗುತ್ತಿದ್ದಳು. ಅದಕ್ಕೆ ಕಾರಣ ನಮ್ಮಜ್ಜಿಯ ಕಾಲದ ಮುಷ್ಕರ. ಗಣಿ ಕಂಪನಿ ತಾಮ್ರವನ್ನಷ್ಟೇ ಅಗೆಯಲಿಲ್ಲ, ನಮ್ಮ ನಡುವೆಯೂ ಅಗೆಯಿತು. ಇಂಗ್ಲೆಂಡಿನ ಕಾರ್ನ್‌ವಾಲಿನಿಂದ ಬಂದವರನ್ನು ಮೇಸ್ತ್ರಿಗಳನ್ನಾಗಿ ಮಾಡಿ ದಕ್ಷಿಣದಲ್ಲಿ ಬೆಚ್ಚಗಿನ ಮನೆ ಕೊಟ್ಟಿತು. ಫಿನ್‌ಲೆಂಡಿನಿಂದ ಬಂದವರನ್ನು ಕೂಲಿಗಳಾಗಿಸಿ ಉತ್ತರದಲ್ಲಿ ಗುಡಿಸಲು ಕೊಟ್ಟಿತು. ಹಸಿದವರನ್ನು ಹಸಿದವರ ಮೇಲೆ ಛೂ ಬಿಟ್ಟು ಲಾಭವನ್ನು ಮಾತ್ರ ರೈಲು ಹತ್ತಿಸಿ ಕಳಿಸಿತು. ಮುಷ್ಕರ ಮುರಿದ ಮೇಸ್ತ್ರಿಗಳಲ್ಲಿ ಒಬ್ಬ ಡೆನ್ಜಿಲ್‌ನ ಮುತ್ತಾತ. ಬೀದಿಗೆ ಬಿದ್ದವರಲ್ಲಿ ಒಬ್ಬ ನನ್ನ ಮುತ್ತಾತ.

ಆ ವರ್ಷ ಸೇತುವೆ ಹಬ್ಬದ ದಿನ ಮುಷ್ಕರದವರು ನಡುಹಾಸಿನ ಮಧ್ಯದ ತಾಮ್ರದ ಪಟ್ಟಿ ದಾಟಬಾರದೆಂದು ಕಂಪನಿಯ ಅಪ್ಪಣೆಯಾಗಿತ್ತು. ಅಪ್ಪಣೆ ಎಂದೋ ಸತ್ತಿತು, ಅಭ್ಯಾಸ ಉಳಿಯಿತು. ವರ್ಷವಿಡೀ ಎಲ್ಲರೂ ಎಲ್ಲಿಗೆ ಬೇಕಾದರೂ ಹೋಗುತ್ತಾರೆ. ಹಬ್ಬದ ದಿನ ಮಾತ್ರ ವಾಹನ ನಿಲ್ಲಿಸಿ, ಜನರನ್ನು ಹೊತ್ತು ನಡುಹಾಸು ಒಮ್ಮೆ ಏಳುವಾಗ, ಉತ್ತರದವರು ಪಟ್ಟಿಯ ಈಚೆ, ದಕ್ಷಿಣದವರು ಆಚೆ. ಕೈ ಕುಲುಕಬಹುದು, ಕಾಫಿ ದಾಟಿಸಬಹುದು. ಗಂಡು ಕಾಲು ದಾಟಿಸಿದರೆ ಅದು ಹೆಣ್ಣು ಕೇಳಿದ ಹಾಗೆ, ಹೆಣ್ಣು ದಾಟಿಸಿದರೆ ಗಂಡನ್ನು ಒಪ್ಪಿದ ಹಾಗೆ. ಹಾಗೆ ಕಾಲಿಟ್ಟು ಸಂಸಾರ ಮಾಡಿದವರು ಎರಡೂ ದಡದಲ್ಲಿದ್ದಾರೆ.

ಕಳೆದ ಚಳಿಗಾಲ ಸರ್ಕಾರ ಸೇತುವೆ ನಡೆಸುವವರನ್ನೆಲ್ಲ ಮನೆಗೆ ಕಳಿಸಿ, ದೂರದ ನಗರದಲ್ಲಿ ಕೂತು ಕ್ಯಾಮೆರಾ ನೋಡಿಕೊಂಡು ಗುಂಡಿ ಒತ್ತುವ ಯೋಜನೆ ತಂದಿತು. ಮಂಜಿನಲ್ಲಿ ಜಾರಿ ಬಿದ್ದ ಮುದುಕಿ ಕ್ಯಾಮೆರಾಕ್ಕೆ ಒಂದು ಕಪ್ಪು ಚುಕ್ಕೆ. ನಾವು ಸೇತುವೆಯ ಮೇಲೆ ಧರಣಿ ಕೂತೆವು. ಮೊದಲ ಸಾಲಿನಲ್ಲಿ ಅಮ್ಮ. ಹಿಮ ಬೀಳುತ್ತಿತ್ತು. ಸಾಲ್ಮಿಯ ಓದುಕೂಟದವರು ಸರದಿಯಲ್ಲಿ ಪುಸ್ತಕ ಓದಿ ಹೇಳುತ್ತಿದ್ದರು, ಡೆನ್ಜಿಲ್ ಬುಟ್ಟಿಗಟ್ಟಲೆ ಕಡುಬು ತಂದು ಹಂಚುತ್ತಿದ್ದ. ಅಮ್ಮ ಮುಟ್ಟಲಿಲ್ಲ. ಮೇಸ್ತ್ರಿ ಮನೆಯ ಒಲೆಯದು ಎಂದು ಅವನಿಗೆ ಕೇಳುವಂತೆಯೇ ಅಂದಳು. ಅವನು ಬುಟ್ಟಿ ಕೆಳಗಿಟ್ಟ. ಅವಳ ಹಿಂದೆ, ಗಾಳಿ ಬರುವ ಕಡೆ ಬೆನ್ನು ಕೊಟ್ಟು ಕೂತ. ಪ್ರತಿದಿನವೂ ಅಲ್ಲೇ ಕೂತ.

ಸರ್ಕಾರ ಹಿಂದೆ ಸರಿಯಿತು. ನನ್ನ ಗೂಡು ನನಗುಳಿಯಿತು. ಗೆದ್ದ ದಿನ ಯಾರ್‍ಯಾರಿಗೆ ಕೈಮುಗಿಯಬೇಕೋ ತಿಳಿಯದೆ ಉಕ್ಕಿನ ಕಂಬವನ್ನೇ ತಬ್ಬಿಕೊಂಡು ಅತ್ತಿದ್ದೆ.

ವಸಂತದಲ್ಲಿ ಓದುಕೂಟದ ಮೆಟ್ಟಿಲ ಮೇಲೆ ಡೆನ್ಜಿಲ್ ಕೇಳಿದ. ಸುತ್ತಿ ಬಳಸಿ ಕೇಳಲಿಲ್ಲ. ಹಬ್ಬದ ದಿನ ಪಟ್ಟಿ ದಾಟಲಾ ಎಂದ.

ನಾನು ಬೇಡವೆಂದೆ. ಈ ಸಲ ಅಮ್ಮ ಮೊದಲ ಬಾರಿಗೆ ಹಬ್ಬಕ್ಕೆ ನಡುಹಾಸು ಹತ್ತುತ್ತಾಳೆ, ಗೆದ್ದ ಸೇತುವೆಗೆ ಕೃತಜ್ಞತೆ ಹೇಳಬೇಕಂತೆ. ಎಲ್ಲರೆದುರು ಅವಳು ಮುಖ ತಿರುಗಿಸಿಬಿಟ್ಟರೆ ನಿನ್ನ ಅವಮಾನವನ್ನೂ ನಾನು ತಾಳಲಾರೆ, ಅವಳ ಒಂಟಿತನವನ್ನೂ ತಾಳಲಾರೆ ಎಂದೆ.

"ಬೇಡ ಅಂತೀಯೋ, ಈಗ ಬೇಡ ಅಂತೀಯೋ?"

"ನೀನು ಬೇಕು. ಅಮ್ಮನ್ನ ಹಿಂದೆ ಬಿಟ್ಟು ಬರಲ್ಲ, ಅಷ್ಟೆ."

ಅವನು ಟೋಪಿಯನ್ನು ಕೈಯಲ್ಲಿ ಒಮ್ಮೆ ತಿರುಗಿಸಿದ. ನೀನು ಹೇಳುವವರೆಗೆ ದಾಟುವುದಿಲ್ಲ ಎಂದು ಮಾತು ಕೊಟ್ಟ. ಹೋಗುವಾಗ ಹಿಂತಿರುಗಿ ನೋಡಿ ಇಲ್ಲದ ಕೀಲಿಯನ್ನು ತಿರುಗಿಸಿ ಎಂಜಿನ್ ಆರಿಸಿದ. ನಾನು ನಗಬೇಕಿತ್ತು. ಆಗಲಿಲ್ಲ.

ಹಬ್ಬದ ದಿನ ಬಿಸಿಲು ನೀರಿನ ಮೇಲೆ ಚೂರುಚೂರಾಗಿ ಬಿದ್ದಿತ್ತು. ಹಾಸಿನ ತುಂಬ ಜನ. ಅಮ್ಮ ಕುರ್ಚಿ ಬೇಡವೆಂದು ತಾಮ್ರದ ಪಟ್ಟಿಯ ಅಂಚಿನಲ್ಲೇ ನಿಂತಿದ್ದಳು, ಧರಣಿಯಲ್ಲಿದ್ದಷ್ಟೇ ಹಟದಿಂದ. ಆಚೆ, ಒಂದೆರಡು ಹೆಜ್ಜೆ ಹಿಂದೆ, ಕೆಂಪು ಟೋಪಿ.

ಹಡಗು ಒಂದು ಉದ್ದ ಕೂಗು, ಒಂದು ಗಿಡ್ಡ ಕೂಗು ಹಾಕಿತು. ನಾನು ಹಾಗೆಯೇ ಉತ್ತರ ಕೊಟ್ಟು ಹಿಡಿ ಎಳೆದೆ. ನಡುಹಾಸು ಜನರನ್ನು ಹೊತ್ತು ಮೆಲ್ಲಗೆ ಎದ್ದಿತು. ದಿನವೂ ನನ್ನ ಕಾಲಡಿ ಕಾಣುವ ಅವನ ಮುಖ ಆವತ್ತು ಮೇಲೆ ಮೇಲೆ ಬಂದು ನನ್ನ ಕಿಟಕಿಗೆ ಸಮನಾಯಿತು. ಕೂಗಿದರೆ ಕೇಳಿಸದಷ್ಟು ದೂರ, ಕಣ್ಣು ಎತ್ತ ನೋಡುತ್ತಿದೆಯೆಂದು ತಿಳಿಯುವಷ್ಟು ಹತ್ತಿರ. ಅವನು ಹಡಗು ನೋಡುತ್ತಿರಲಿಲ್ಲ.

ಉಳಿದವರೆಲ್ಲ ಹಡಗು ನೋಡಲು ಕಟಕಟೆಯತ್ತ ಸರಿದರು. ಮೇಲಿನ ಗಾಳಿ ಒಮ್ಮೆಲೇ ಬೀಸಿತು. ಅಮ್ಮನ ಮಂಡಿ ಮಡಚಿದ್ದನ್ನು ನಾನು ಕಂಡೆ. ಅವಳ ಕೈ ಹಿಡಿಯಲು ಏನಾದರೂ ಸಿಗುತ್ತದೆಯೇ ಎಂದು ಗಾಳಿಯಲ್ಲಿ ತಡಕಾಡಿತು. ನಾನು ಗಾಜಿನ ಹಿಂದೆ.

ಡೆನ್ಜಿಲ್ ದಾಟಿದ. ಅವನ ಕೈಗೆ ಅಮ್ಮನ ಭಾರ ಬಿತ್ತು. ಅವಳನ್ನು ನಿಲ್ಲಿಸಿದ ಮೇಲೆಯೇ ಅವನು ಕೆಳಗೆ ನೋಡಿಕೊಂಡದ್ದು. ಎರಡೂ ಬೂಟುಗಳು ನಮ್ಮ ಕಡೆ ಇದ್ದವು.

ಜನ ತಿರುಗಿದರು. ಆಮೇಲೆ ನಮ್ಮೂರಿನ ಮೀನುಗಾರ ಮುದುಕ ಐನೋ ಹೇಳಿದ್ದು ಈಗಲೂ ಎರಡೂ ಊರಿನಲ್ಲಿ ಓಡಾಡುತ್ತಿದೆ. "ಲೆಂಪಿ, ತಡವಾದ್ರೂ ಹುಡುಗ ಚೆನ್ನಾಗಿ ಸಿಕ್ಕಿದಾನೆ ನೋಡು."

ನಗೆ ಎದ್ದಿತು. ನನಗೆ ಮಾತು ಕೇಳಿಸಲಿಲ್ಲ, ನಗುವುದಷ್ಟೇ ಕಂಡಿತು. ಡೆನ್ಜಿಲ್ ಟೋಪಿಗಿಂತ ಕೆಂಪಾಗಿ ನನ್ನ ಕಿಟಕಿಯತ್ತ ನೋಡಿದ. ಕೊಟ್ಟ ಮಾತು ಮುರಿದವನ ಮುಖ ಅದು. ಅವನು ಒಂದು ಕಾಲನ್ನು ಹಿಂದಕ್ಕೆ ಎತ್ತಿದ. ಅಮ್ಮ ಅವನ ತೋಳು ಬಿಡಲಿಲ್ಲ. ಅವಳೂ ನನ್ನ ಕಿಟಕಿಯತ್ತ ನೋಡಿದಳು, ಗದ್ದ ಸ್ವಲ್ಪ ಮೇಲೆತ್ತಿ. ಚಿಕ್ಕಂದಿನಲ್ಲಿ ಎಲ್ಲರೆದುರು ಪಾಠ ಒಪ್ಪಿಸಲು ಎದ್ದಾಗ, ಹೂಂ, ಹೇಳು, ಎನ್ನುತ್ತಿದ್ದ ಅದೇ ಗದ್ದ.

ಹಡಗು ದಾಟಿಹೋಗಿತ್ತು. ನಾನು ಹಾಸು ಇಳಿಸಲಿಲ್ಲ. ಧ್ವನಿವರ್ಧಕದ ಗುಂಡಿ ಒತ್ತಿದೆ.

"ಕೆಂಪು ಟೋಪಿಯವರೇ," ಎಂದೆ. ಎರಡು ಊರು ಕಾದವು. "ದಾಟಿದ್ದೀರಿ. ಹಿಂದಕ್ಕೆ ಹೋಗಬೇಡಿ."

ಅವನು ಟೋಪಿ ತೆಗೆದು ಬಾಗಿದ. ಈ ಸಲ ಸರಿಯಾದ ಗೋಪುರಕ್ಕೆ.

ಹಾಸನ್ನು ಇಷ್ಟು ಮೆತ್ತಗೆ ನಾನು ಎಂದೂ ಇಳಿಸಿರಲಿಲ್ಲ. ಗೂಡನ್ನು ಮುಂದಿನ ಪಾಳಿಯ ಜೊತೆಗಾರನಿಗೆ ಒಪ್ಪಿಸಿ ಮೆಟ್ಟಿಲಿಳಿದು ಓಡಿದೆ. ಹಾಸಿನ ಮಧ್ಯದಲ್ಲಿ ಅವರಿಬ್ಬರೂ ಇರಲಿಲ್ಲ. ತಲೆಯೆತ್ತಿದರೆ ಪಟ್ಟಿಯ ಆಚೆ, ದಕ್ಷಿಣದ ಅರ್ಧದಲ್ಲಿ, ಡೆನ್ಜಿಲ್‌ನ ಬುಟ್ಟಿಯ ಪಕ್ಕ ಪೆಟ್ಟಿಗೆಯೊಂದರ ಮೇಲೆ ಅಮ್ಮ ಕೂತಿದ್ದಳು. ಅವನ ತೋಳು ಹಿಡಿದುಕೊಂಡು ತಾನೇ ನಡೆದು ಹೋದಳಂತೆ. ತನ್ನ ಅಮ್ಮನಿಗೂ ಅವಳ ಅಪ್ಪನಿಗೂ ಯಾರೂ ಇಡಗೊಡದ ಹೆಜ್ಜೆಯನ್ನು ಇಟ್ಟಿದ್ದಳು, ಯಾರ ಅಪ್ಪಣೆಯನ್ನೂ ಕೇಳದೆ.

ಟರ್ನಿಪ್ಪಿನ ತುದಿಯನ್ನು ತಿನ್ನುತ್ತಿದ್ದಳು. ಉಪ್ಪು ಸಾಲದು ಎಂದಳಂತೆ, ಆದರೂ ಬಿಟ್ಟಿರಲಿಲ್ಲ.

ಡೆನ್ಜಿಲ್ ಪಟ್ಟಿಯ ಆ ಬದಿಯಲ್ಲಿ ನನ್ನ ಮುಂದೆ ಬಂದು ನಿಂತ. ಮಾತು ಮುರಿದೆ, ಕ್ಷಮಿಸು ಎಂದ. ನಾನು ಅವನ ಕೈ ಹಿಡಿದುಕೊಂಡೆ. ಹಿಟ್ಟಿನ ವಾಸನೆಯ, ಒಲೆಯ ಬಿಸಿಗೆ ಒರಟಾದ ಕೈ. ಅಮ್ಮನನ್ನು ಹಿಡಿದ ಕೈ. ಅದನ್ನು ಕಣ್ಣಿಗೊತ್ತಿಕೊಂಡೆ. ನಮ್ಮಿಬ್ಬರ ನಡುವೆ ಆ ಪಟ್ಟಿ, ನಮ್ಮವರೇ ನೆಲದಾಳದಿಂದ ತೆಗೆದ ತಾಮ್ರ, ಬಿಸಿಲಿಗೆ ಹೊಳೆಯುತ್ತಿತ್ತು.

ಅಮ್ಮ ಕಡುಬಿನ ಉಳಿದ ತುದಿಯನ್ನು ನನ್ನತ್ತ ಎತ್ತಿ ಹಿಡಿದಳು. ಮೂಲೆಯಲ್ಲಿ ನನ್ನ ಅಕ್ಷರವಿತ್ತು.

"ನಿಂತ್ಕೊಂಡು ಏನ್ ನೋಡ್ತೀಯೆ? ಬಾ ಈಚೆಗೆ. ನಿನ್ನ ಪಾಲು ತಣ್ಣಗಾಗ್ತಿದೆ."