ಆರ್ಡರ್ ಬರಲಿ, ಆಮೇಲೆ

"ಏನ್ರೀ, ಸಾಲು ಕಾಣಿಸಲ್ವಾ? ಹಿಂದೆ ಹೋಗಿ ನಿಂತ್ಕೊಳ್ಳಿ!"

ಮಾತು ಉಷಾರಾಣಿಯ ಬಾಯಿಂದ ಜಾರಿಯೇ ಹೋಯಿತು. ಎದುರಿನವರ ಮುಖ ನೋಡಿ, ಅಳೆದು ತೂಗಿ ಮಾತಾಡುವ ಹುಡುಗಿ ಅವಳು. ಆದರೆ ಕಣಕಟ್ಟೆಯ ನಾಡಕಚೇರಿ ಮುಂದೆ ಬೆಳಿಗ್ಗೆಯಿಂದ ನಿಂತು, ಮತ್ತೆ ಮತ್ತೆ ಸರ್ವರ್ ಕೈಕೊಟ್ಟು, ಇನ್ನೇನು ಕಿಟಕಿ ಸಿಕ್ಕಿತು ಅನ್ನುವಾಗ ಯಾರೋ ಇಸ್ತ್ರಿ ಅಂಗಿಯವನು ಮುಂದೆ ಬಂದು ನಿಂತರೆ...!

ಅವನು ತಿರುಗಿದ. ಸಿಟ್ಟಾಗಲಿಲ್ಲ.

"ನಾನು ನುಗ್ಗಿಲ್ಲ ಮೇಡಂ. ಈ ಜಾಗ ಕೆಂಚಯ್ಯಂದು. ಅಲ್ಲಿ ನೋಡಿ."

ಹೊಂಗೆ ಮರದ ಕೆಳಗೆ ಒಬ್ಬ ಮುದುಕ ಮೊಣಕಾಲು ನೀವಿಕೊಳ್ಳುತ್ತಾ ಕೂತಿದ್ದ. "ಹೂಂ ಕಣವ್ವಾ, ಪಿಂಚಣಿ ಕಾಗ್ದ ನಂದೇಯ! ನಿಂತೂ ನಿಂತೂ ಕಾಲು ಸೋತೋದ್ವು. ಅದ್ಕೇ ನಮ್ಮ ಕೊಬ್ಬರಿ ಮಂಡಿ ಯಜಮಾನ್ರನ್ನ ನಿಲ್ಸಿವ್ನಿ!"

ಸಾಲೆಲ್ಲ ಗೊಳ್ಳೆಂದು ನಕ್ಕಿತು. ಉಷಾಳ ಕಿವಿ ಬಿಸಿಯಾಯಿತು.

"ಸಾರಿ..."

"ಪರವಾಗಿಲ್ಲ. ಟೀಚರಾ ನೀವು?"

"ಹೇಗೆ ಗೊತ್ತಾಯ್ತು?"

"ಬೈದ ರೀತಿಯಲ್ಲೇ!"

ನಗಬಾರದು ಅಂದುಕೊಂಡಳು. ನಗು ಬಂದುಬಿಟ್ಟಿತು.

ಹಳೇಬೀಡಿನ ಸರ್ಕಾರಿ ಶಾಲೆಯಲ್ಲಿ ತಾನು ಅತಿಥಿ ಶಿಕ್ಷಕಿ ಎಂದಳು. ಬಿ.ಎಡ್. ಮುಗಿದಿದೆ, ಟಿಇಟಿ ಪಾಸಾಗಿದೆ, ಕಾಯಂ ಕೆಲಸಕ್ಕೆ ಅರ್ಜಿ ಹಾಕಬೇಕು. ಅಪ್ಪನ ಹೆಸರಿನ ಜಾತಿ-ಆದಾಯ ಪತ್ರ ಸಿಗದಿದ್ದರೆ ಮೀಸಲಾತಿ ಇಲ್ಲ.

"ನಮ್ಮನೆಗೆ ಆ ಪತ್ರ ಕೊಡೋದೇ ಇಲ್ಲ ಮೇಡಂ," ಅಂದ ಅವನು. "ಅರಸೀಕೆರೇಲಿ ಕೊಬ್ಬರಿ ಮಂಡಿ. ಆದಾಯ ಮಿತಿ ದಾಟಿದೆ ಅಂತಾರೆ. ಒಳಗೆ ಬಂದು ನೋಡಿದ್ರೆ ಮಿತಿ ದಾಟಿರೋದು ಇಲಿಗಳು ಮಾತ್ರ."

ಅಷ್ಟರಲ್ಲಿ ಒಳಗಿಂದ ಕೂಗು ಬಂತು. "ದೇವೀರಪ್ಪನ ಮಗಳು ಉಷಾರಾಣಿ ಯಾರಮ್ಮ?"

ಅವನು ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಆದರೆ ಆ ಹೆಸರನ್ನು ಬಿಡಲಿಲ್ಲ.

ಉಷಾ ಅರ್ಜಿ ಹಾಕಿದಳು, ಕೊನೇ ದಿನಾಂಕವೂ ಮುಗಿಯಿತು. ಅದಾದ ಮೇಲೆ ಒಂದು ಭಾನುವಾರ ಅರಸೀಕೆರೆಯಿಂದ ಹಿರಿಯರೊಬ್ಬರು ದೇವೀರಪ್ಪನವರ ಮನೆಗೆ ಸಂಬಂಧ ಕೇಳಿಕೊಂಡು ಬಂದರು. ಹುಡುಗನ ಹೆಸರು ಶರತ್ಚಂದ್ರ. ಉಷಾ ಫೋಟೋ ಕೈಗೆತ್ತಿಕೊಂಡು ನೋಡಿದಳು. ಅದೇ ಇಸ್ತ್ರಿ ಅಂಗಿ!

ಒಪ್ಪಿಗೆ ಶಾಸ್ತ್ರ ನಡೆಯಿತು, ಶರತ್ ಉಂಗುರ ತೊಡಿಸಿದ. ಅಜ್ಜಿ ಬಸಮ್ಮ ಹುಡುಗನ ಗಲ್ಲ ಹಿಡಿದು ನೋಡಿ, "ನಗೋ ಮುಖ ಐತೆ. ನಮ್ಮ ಹುಡುಗಿ ಮೂಗಿನ ಮೇಲಿನ ಸಿಟ್ಟಿಗೆ ಇಂಥೋನೇ ಸರಿ," ಅಂದರು.

ಮದುವೆ? ಅಲ್ಲೇ ಇತ್ತು ತೊಡಕು.

ದೇವೀರಪ್ಪನವರು ಮಠದಲ್ಲಿ ಕೇಳಿ ದಿನ ಗೊತ್ತು ಮಾಡಿಕೊಂಡು ಬಂದರೆ, ಶರತ್ ಹೇಳುತ್ತಿದ್ದುದು ಒಂದೇ ಮಾತು. "ಉಷಾಳ ಕೆಲಸದ ಆರ್ಡರ್ ಬರಲಿ ಮಾವ. ಆಮೇಲೆ ಇಟ್ಕೊಳ್ಳೋಣ."

ಮೊದಲ ಸಲ ಉಷಾಳಿಗೆ ಹಿತವೆನಿಸಿತ್ತು. ಓದಿಕೊಳ್ಳಲು ಸಮಯ ಕೊಡುತ್ತಿದ್ದಾರೆ ಅಂದುಕೊಂಡಳು. ಪರೀಕ್ಷೆ ಮುಗಿಯಿತು. ಆಯ್ಕೆಯ ತಾತ್ಕಾಲಿಕ ಪಟ್ಟಿಯಲ್ಲಿ ಅವಳ ಹೆಸರೂ ಬಂತು. ಅಪ್ಪ ಇನ್ನೊಂದು ದಿನ ನೋಡಿಸಿಕೊಂಡು ಬಂದರು. ಮತ್ತೆ ಅದೇ ಮಾತು. ಆರ್ಡರ್ ಬರಲಿ...

ಬೀದಿಯಲ್ಲಿ ಜನ ಕೇಳತೊಡಗಿದರು. "ಏನ್ ದೇವೀರಪ್ಪನೋರೆ, ಮಗಳ ಮದುವೆ ಸರ್ಕಾರ ಮಾಡ್ಕೊಡ್ಬೇಕಾ?"

ಅಪ್ಪ ನಕ್ಕು ಮುಂದೆ ನಡೆಯುತ್ತಿದ್ದರು. ಆದರೆ ಊಟಕ್ಕೆ ಕೂತಾಗ ತಲೆ ಎತ್ತುತ್ತಿರಲಿಲ್ಲ. ಉಷಾ ಅದನ್ನು ಗಮನಿಸುತ್ತಿದ್ದಳು. ಗಮನಿಸದೆ ಇರುವುದು ಅವಳಿಗೆ ಬರುತ್ತಲೇ ಇರಲಿಲ್ಲ.

ಇದರ ಜೊತೆಗೆ ಪತ್ರಗಳ ಗೋಳು. ಓದಿದ ಪ್ರತಿ ಶಾಲೆಯಿಂದಲೂ ಕನ್ನಡ ಮಾಧ್ಯಮದ ಪತ್ರ ಬೇಕು. ಮುಖ್ಯ ಶಿಕ್ಷಕರ ಸಹಿ ಇದ್ದರೆ ಮೊಹರಿಲ್ಲ. ಮೊಹರಿದ್ದರೆ ಮೇಲಧಿಕಾರಿಯ ಸಹಿ ಇಲ್ಲ. ಸಹಿ ಹಾಕುವ ಸಾಹೇಬರು ಮೀಟಿಂಗಿನಲ್ಲಿ. ಬಿ.ಎಡ್. ಅಂಕಪಟ್ಟಿಗೆ ಬೇಲೂರಿನ ಕಾಲೇಜು ಅಲೆದಳು. ಅಲ್ಲಿ ಗುಮಾಸ್ತರು, "ನಾಳೆ ಬನ್ನಿ," ಅಂದರು. ನಾಳೆ ಹೋದರೆ, "ನಿನ್ನೆಯೇ ಬರಬೇಕಿತ್ತಲ್ಲಮ್ಮ!" ಅಂದರು. "ಈ ಪತ್ರಗಳನ್ನೆಲ್ಲ ಕೆರೆಗೆ ಎಸೆದುಬಿಡ್ತೀನಿ," ಎಂದು ಅವಳು ಒಮ್ಮೆ ಶರತ್ ಮುಂದೆ ಸಿಡುಕಿದ್ದೂ ಉಂಟು.

ಅಂದು ಸಂಜೆ ಶಾಲೆ ಬಿಟ್ಟ ಮೇಲೆ ಶರತ್ ಹಳೇಬೀಡಿಗೆ ಬಂದಿದ್ದ. ಇಬ್ಬರೂ ಕೆರೆ ಏರಿಯ ಮೇಲೆ ನಿಂತಿದ್ದರು. ನೀರಿನಾಚೆ ಹುಡುಗರು ಎಮ್ಮೆ ತೊಳೆಯುತ್ತಿದ್ದರು.

"ಅಪ್ಪ ಮತ್ತೆ ದಿನ ನೋಡಿಸಿದ್ದಾರೆ," ಅಂದಳು ಉಷಾ ಮೆಲ್ಲಗೆ. "ಈ ಸಲವಾದರೂ..."

ಶರತ್ ನೀರನ್ನೇ ನೋಡುತ್ತಿದ್ದ. "ದಾಖಲೆ ಪರಿಶೀಲನೆ ಹತ್ತಿರ ಬಂತಲ್ಲ ಉಷಾ. ಅದೊಂದು ಆಗಲಿ. ಆರ್ಡರ್ ಬರಲಿ, ಆಮೇಲೆ..."

"ಯಾಕೆ?"

"ಯಾಕೆ ಅಂದ್ರೆ... ನಿನ್ನ ಒಳ್ಳೇದಕ್ಕೇ. ನನ್ನ ನಂಬು."

*ನನ್ನ ಒಳ್ಳೇದಕ್ಕಾ? ಬೀದಿಯಲ್ಲಿ ತಲೆ ತಗ್ಗಿಸಿ ನಡೆಯುತ್ತಿರೋದು ನನ್ನ ಅಪ್ಪ!*

"ಒಂದು ಮಾತು ಕೇಳ್ತೀನಿ, ನೇರವಾಗಿ ಹೇಳಿ," ಅಂದಳು. "ಆರ್ಡರ್ ಬರದೇ ಹೋದರೆ?"

ಶರತ್ ತಡವರಿಸಿದ. "ಬರತ್ತೆ ಬಿಡು. ಬರದೇ ಇರೋ ಮಾತು ಯಾಕೆ ಈಗ?"

ಅಷ್ಟೇ. ಅವಳು ಹೆದರಿದ್ದುದು ಇದೇ ಉತ್ತರಕ್ಕೆ.

"ಗೊತ್ತಾಯ್ತು ಬಿಡಿ. ನಿಮಗೆ ಬೇಕಾಗಿರೋದು ಸಂಬಳ ತರೋ ಹೆಂಡತಿ. ಉಷಾರಾಣಿ ಅಲ್ಲ! ಆರ್ಡರ್ ಕೈಲಿರೋ ಹುಡುಗೀರು ಜಿಲ್ಲೆ ತುಂಬ ಇದ್ದಾರೆ, ಹುಡುಕಿಕೊಳ್ಳಿ!"

"ಉಷಾ! ಏನು ಮಾತಾಡ್ತಿದ್ದೀಯ..."

ಅವಳು ಬೆರಳಿನ ಉಂಗುರ ಬಿಚ್ಚಿ ಅವನ ಅಂಗೈಯಲ್ಲಿಟ್ಟಳು. ಬಸ್ ಹತ್ತುವವರೆಗೂ ಅವಳ ಕಣ್ಣಲ್ಲಿ ನೀರಿರಲಿಲ್ಲ. ಹತ್ತಿದ ಮೇಲೆ ನಿಲ್ಲಲಿಲ್ಲ...

ಮನೆಯಲ್ಲಿ ಹೇಳಲು ಧೈರ್ಯ ಬರಲಿಲ್ಲ. ಉಂಗುರ ಎಲ್ಲಿ ಎಂದು ಅಜ್ಜಿ ಕೇಳಿದಾಗ, "ಸಡಿಲ ಆಗಿತ್ತು, ಎತ್ತಿಟ್ಟಿದ್ದೀನಿ," ಅಂದಳು.

ದಾಖಲೆ ಪರಿಶೀಲನೆಯ ದಿನ ಹಾಸನದಲ್ಲಿ ಎಲ್ಲೆಲ್ಲೂ ಫೈಲು ಎದೆಗವಚಿಕೊಂಡ ಹೆಣ್ಣುಮಕ್ಕಳು. ಉಷಾಳ ಮುಂದೆ ಪ್ರತಿಮಾ ಕೂತಿದ್ದಳು. ಗೆಂಡೆಹಳ್ಳಿಯ ಅತಿಥಿ ಶಿಕ್ಷಕಿ, ಉಷಾಳ ಬಿ.ಎಡ್. ಗೆಳತಿ.

"ಇವಳ ಕೂದಲು ನೋಡೇ," ಅಂದಳು ಪ್ರತಿಮಾ ತೊಡೆಯ ಮೇಲಿನ ಮಗಳನ್ನು ತೋರಿಸಿ. "ಬಾಚೋಕೂ ಪುರುಸೊತ್ತಿಲ್ಲ. ಈ ಪತ್ರಗಳನ್ನ ಹೊತ್ತು ತಿರುಗಿದಷ್ಟು ನಾನು ಇವಳನ್ನೂ ಹೊತ್ತಿಲ್ಲ ಕಣೇ!"

ಪ್ರತಿಮಾಳ ಸರದಿ ಬಂತು. ಮೇಜಿನ ಹಿಂದೆ ಅನುಸೂಯಮ್ಮ ಎಂಬ ನರೆಗೂದಲಿನ ಅಧಿಕಾರಿ. ಹಾಳೆ ತಿರುವುತ್ತಾ ಬಂದವರು ಒಂದು ಕಡೆ ನಿಂತರು.

"ನಿಂಗೆ ಮದುವೆ ಆಗಿದೆ. ಇದು ನಿಮ್ಮಪ್ಪನ ಹೆಸರಿನ ಆದಾಯ ಪತ್ರ."

"ಹೌದು ಮೇಡಂ..."

"ಮದುವೆಯಾದವರು ಗಂಡನ ಆದಾಯ ಪತ್ರ ಕೊಡಬೇಕಿತ್ತಮ್ಮ. ಇದು ನಡೆಯಲ್ಲ. ನಿನ್ನ ಹೆಸರನ್ನ ಸಾಮಾನ್ಯ ವರ್ಗಕ್ಕೆ ಹಾಕಬೇಕಾಗತ್ತೆ."

ಸಾಮಾನ್ಯ ವರ್ಗದಲ್ಲಿ ಪ್ರತಿಮಾಳ ಅಂಕ ಸಾಲುವುದಿಲ್ಲ. ಅದು ಮೂವರಿಗೂ ಗೊತ್ತಿತ್ತು.

"ನನ್ನ ಜಾತಿ ಹುಟ್ಟಿಂದ ಬಂದಿದ್ದಲ್ವಾ ಮೇಡಂ? ಓದಿಸಿದ್ದು ಅಪ್ಪ! ತಾಳಿ ಕಟ್ಟಿದ ತಕ್ಷಣ ಅಪ್ಪನ ಹೆಸರು ಅಳಿಸಿಹೋಗತ್ತಾ? ಅರ್ಜಿ ಹಾಕೋವಾಗ ಒಬ್ಬರಾದರೂ ಹೇಳಬಾರದಿತ್ತಾ?"

ಅನುಸೂಯಮ್ಮ ಕನ್ನಡಕ ತೆಗೆದರು. "ನಿಯಮ ನಾನು ಬರೆದಿಲ್ಲ ಕಣಮ್ಮ. ಆಕ್ಷೇಪಣೆ ಬರೆದುಕೊಡು, ಮೇಲಕ್ಕೆ ಕಳಿಸ್ತೀನಿ."

ಉಷಾ ಗೆಳತಿಯ ಭುಜ ಹಿಡಿದುಕೊಂಡು ನಿಂತಿದ್ದಳು. ಆಗಲೇ ಹಳೆಯ ಮಾತೊಂದು ನೆನಪಾಯಿತು.

*ಮದುವೆಯಾದವರು ಗಂಡನ ಆದಾಯ ಪತ್ರ ಕೊಡಬೇಕು.*

*'ನಮ್ಮನೆಗೆ ಆ ಪತ್ರ ಕೊಡೋದೇ ಇಲ್ಲ ಮೇಡಂ. ಆದಾಯ ಮಿತಿ ದಾಟಿದೆ ಅಂತಾರೆ...'*

ದೇವರೇ! ಅದಕ್ಕಾ? ಶರತ್‌ನ ಹೆಂಡತಿಯಾದರೆ ಮೀಸಲಾತಿ ಹೋಗುತ್ತದೆ, ಕೆಲಸ ಹೋಗುತ್ತದೆ ಅಂತಲಾ?

"ನಿನ್ನದು ಕೊಡಮ್ಮ," ಅಂದರು ಅನುಸೂಯಮ್ಮ. "ಮದುವೆ ಆಗಿದ್ಯಾ?"

"ಇಲ್ಲ." ಉಷಾ ಫೈಲು ಮೇಜಿನ ಮೇಲಿಟ್ಟಳು. "ಮೇಡಂ, ಒಂದು ಕೇಳಲಾ? ಆರ್ಡರ್ ಬರೋಕೆ ಮುಂಚೆ ನಾನು ಮದುವೆಯಾದರೆ? ನನ್ನ ಪತ್ರವೂ ನಡೆಯಲ್ವಾ?"

"ಅರ್ಜಿಯ ಕೊನೇ ದಿನ ನೀನು ಏನಾಗಿದ್ಯೋ ಅದೇ ಲೆಕ್ಕ. ಆಮೇಲೆ ಯಾವಾಗ ಬೇಕಾದರೂ ಆಗು." ಅವರು ಮೊಹರು ಒತ್ತಿದರು. "ಊಟಕ್ಕೆ ಮಾತ್ರ ಕರಿ."

ಉಷಾಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಒಂದೇ ಒಂದು ಪ್ರಶ್ನೆ! ಅದನ್ನು ಯಾರೂ ಕೇಳದೆ ಹೋಗಿದ್ದಕ್ಕೆ ಅಪ್ಪ ಅಷ್ಟೆಲ್ಲ ಅವಮಾನ ನುಂಗಿಕೊಂಡರಲ್ಲ...!

ಪ್ರತಿಮಾಳ ಪಕ್ಕದಲ್ಲೇ ಕೂತು ಆಕ್ಷೇಪಣೆ ಬರೆಸಿ, ಮಗುವಿಗೆ ಜಡೆ ಹಾಕಿ, ಇಬ್ಬರನ್ನೂ ಬಸ್ಸಿಗೆ ಹತ್ತಿಸಿದಳು. ಆಮೇಲೆ ತಾನು ಅರಸೀಕೆರೆ ಬಸ್ ಹತ್ತಿದಳು.

ಮಂಡಿಯಲ್ಲಿ ಕೊಬ್ಬರಿಯ ರಾಶಿ, ಘಾಟು ವಾಸನೆ, ಹರಾಜಿನ ಕೂಗು. ರೈತರ ನಡುವೆ ನಿಂತಿದ್ದ ಶರತ್ ಅವಳನ್ನು ಕಂಡು ಮಾತು ಅರ್ಧಕ್ಕೇ ನಿಲ್ಲಿಸಿದ. ಮುಖ ಇಳಿದುಹೋಗಿತ್ತು. ಅಂಗಿಗೆ ಇಸ್ತ್ರಿಯೂ ಇರಲಿಲ್ಲ.

"ಯಾಕೆ ಹೇಳಲಿಲ್ಲ?" ಅಂದಳು ಉಷಾ.

"ಏನನ್ನ?"

"ಆದಾಯ ಪತ್ರ! ನಿಮ್ಮನ್ನ ಮದುವೆಯಾದರೆ ನನ್ನ ಕೆಲಸ ಹೋಗತ್ತೆ ಅಂತ ಹೆದರಿದ್ದು!"

ಶರತ್ ತಲೆ ತಗ್ಗಿಸಿದ. "ಹೇಳಿದ್ರೆ ನೀನು ಕೆಲಸ ಬಿಟ್ಟುಬಿಡ್ತಿದ್ದೆ. ನೀನೇ ಅಂದಿದ್ಯಲ್ಲ, ಈ ಪತ್ರಗಳನ್ನೆಲ್ಲ ಕೆರೆಗೆ ಎಸೆದುಬಿಡ್ತೀನಿ ಅಂತ."

"ಅದು ಸಿಟ್ಟಿನ ಮಾತು ಕಣ್ರೀ!"

"ನನಗೇನು ಗೊತ್ತು? ನಿಮ್ಮಪ್ಪನ ಮುಖ ನೋಡಿ ಮದುವೆಗೆ ಹೂಂ ಅಂದುಬಿಡ್ತೀಯ ಅನ್ನಿಸ್ತು. ನಾಳೆ ಯಾವುದೋ ಶಾಲೆಯ ಗಂಟೆ ಕೇಳಿದಾಗ, ಇವನಿಂದ ಕೆಲಸ ಹೋಯ್ತು ಅಂತ ನಿನಗೆ ಅನ್ನಿಸಬಾರದಿತ್ತು. ಬೈದರೆ ಬೈಲಿ, ಜನ ನನ್ನನ್ನೇ ಬೈಲಿ ಅಂತ..."

"ಬೈದಿದ್ದು ನಿಮ್ಮನ್ನಲ್ಲ, ನಮ್ಮಪ್ಪನ್ನ!" ಅವಳ ಕಣ್ಣು ತುಂಬಿತು. "ಕೆಲಸ ನಂದು. ಮದುವೆ ನಂದು. ತೀರ್ಮಾನ ಮಾತ್ರ ನೀವೊಬ್ಬರೇ ಮಾಡಿದ್ರಿ! ಅದೂ ತಪ್ಪು ತೀರ್ಮಾನ. ಅರ್ಜಿಯ ಕೊನೇ ದಿನವಾದ ಮೇಲೆ ಯಾವಾಗ ಮದುವೆಯಾದರೂ ಏನೂ ಆಗಲ್ವಂತೆ. ಇವತ್ತು ಕೇಳಿದೆ."

ಶರತ್ ಮೂಟೆಯ ಮೇಲೆ ಕುಸಿದು ಕೂತ. "ಏನೂ... ಆಗಲ್ವಾ? ನಮ್ಮ ಆಡಿಟರ್ ಹಾಗಂದಿರಲಿಲ್ಲ!"

"ಟೀಚರ್ ನೇಮಕಾತಿ ವಿಷಯನ ಕೊಬ್ಬರಿ ಮಂಡಿ ಆಡಿಟರ್ ಹತ್ರ ಕೇಳಿದ್ರಾ?!"

"ನಮಗೆ ಯಾವ ಕಾಗದ ಅರ್ಥವಾಗದಿದ್ರೂ ಅವರನ್ನೇ ಕೇಳೋದು..."

ಬಾಗಿಲ ಬಳಿ ಕೂತಿದ್ದ ಕೆಂಚಯ್ಯ ಕಿಸಕ್ಕೆಂದ. "ನಮ್ಮ ಯಜಮಾನ್ರು ಹಿಂಗೇ ಕಣವ್ವಾ. ಕೊಬ್ಬರಿ ಮಾತ್ರ ಬಡಿದು ನೋಡಿ ತಗೋತಾರೆ!"

ಉಷಾ ನಗಲಿಲ್ಲ. ಅವಳಿಗಿನ್ನೂ ಒಂದು ಉತ್ತರ ಬೇಕಿತ್ತು.

"ನನ್ನ ಪತ್ರಗಳೆಲ್ಲ ಸರಿ ಇವೆ. ಆದರೆ ಅಂತಿಮ ಪಟ್ಟಿ ಬಂದಿಲ್ಲ. ಪ್ರತಿಮಾಗೆ ಆದ ಹಾಗೆ ನನಗೂ ಏನಾದರೂ ಆಗಬಹುದು. ಅವತ್ತು ಕೆರೆ ಹತ್ರ ಕೇಳಿದ್ದನ್ನೇ ಈಗಲೂ ಕೇಳ್ತೀನಿ. ಆರ್ಡರ್ ಬರದೇ ಹೋದರೆ?"

ಈ ಸಲ ಶರತ್ ತಡವರಿಸಲಿಲ್ಲ.

"ಬರದೇ ಹೋದರೆ ಮುಂದಿನ ಸಲಕ್ಕೆ ನಿನ್ನ ಜೊತೆ ಸಾಲಲ್ಲಿ ನಿಲ್ತೀನಿ. ಮದುವೆ ಮಾತ್ರ ಅದಕ್ಕೆ ಕಾಯಲ್ಲ. ಉಷಾ, ನಾಡಕಚೇರೀಲಿ ನೀನು ಬೈದಾಗ ನಿನ್ನ ಕೈಲಿ ಯಾವ ಆರ್ಡರ್ ಇತ್ತು ಹೇಳು? ಅವತ್ತೇ ನನಗೆ ನೀನು ಬೇಕು ಅನ್ನಿಸಿತ್ತು."

ಹರಾಜಿನ ಕೂಗು ಎಲ್ಲೋ ದೂರ ಹೋದಂತಾಯಿತು. ಅವನು ಜೇಬಿಗೆ ಕೈ ಹಾಕಿದ. ಉಂಗುರ ಅಲ್ಲೇ ಇತ್ತು.

"ಈಗಲೇ ಬಸ್ ಹತ್ತೋಣ. ನಿಮ್ಮಪ್ಪನ ಕಾಲು ಹಿಡಿದು ತಪ್ಪಾಯ್ತು ಅಂತ ಕೇಳ್ಕೋತೀನಿ."

ಉಷಾ ಕೈ ಹಿಂದಕ್ಕೆ ಕಟ್ಟಿಕೊಂಡಳು.

"ಏನ್ರೀ, ಸಾಲು ಕಾಣಿಸಲ್ವಾ?"

"ಹ್ಞಾಂ?"

"ಅಪ್ಪ ಆಮೇಲೆ. ಮೊದಲು ನಾನು."

ಶರತ್‌ನ ಕಣ್ಣು ಒದ್ದೆಯಾಯಿತು. "ತಪ್ಪಾಯ್ತು ಉಷಾ. ಇನ್ನು ಮೇಲೆ ನಿನ್ನ ವಿಷಯ ಏನೇ ಇದ್ದರೂ ಮೊದಲು ನಿನ್ನನ್ನೇ ಕೇಳ್ತೀನಿ."

"ಹಾಗಿದ್ರೆ ಈಗಲೂ ಕೇಳಿ."

"ನನ್ನ ಮದುವೆ ಆಗ್ತೀಯಾ?"

ಅವಳು ಮೆಲ್ಲಗೆ ಬೆರಳು ಮುಂದೆ ಚಾಚಿದಳು.

"ಆಗ್ತೀನಿ. ಆದರೆ ಆ ಆಡಿಟರ್‌ನ ಕೇಳೋಕೆ ಹೋಗಬೇಡಿ!"