ಕೇಳುವುದಕ್ಕೊಂದು ಅಪ್ಪಣೆ

"ಮೊಮ್ಮಗಳ ಮಾರಿ ನೋಡಾಕ ಕೋರ್ಟಿಗೆ ಹೋಗಬೇಕು. ಕೋರ್ಟಿಗೆ ಹೋಗಾಕ ಮತ್ತ ಆ ಕೋರ್ಟಿನ ಅಪ್ಪಣಿನ ಬೇಕು. ಇದ್ಯಾವ ಸೀಮಿ ಕಾಯ್ದೆ ತಂಗಿ?" ತಟ್ಟುತ್ತಿದ್ದ ಜೋಳದ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು, ಹಿಟ್ಟಿನ ಕೈಯಲ್ಲೇ ನೀಲವ್ವ ಕೇಳಿದಳು.

ದುಬೈಯ ಅಲ್ ಬರ್ಷಾದ ಆ ಫ್ಲ್ಯಾಟಿನ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಜಸೀನಾ ತಲೆ ತಗ್ಗಿಸಿದಳು. ಪಕ್ಕದ ಮನೆಯ ಈ ಮಂಗಳೂರಿನ ಹುಡುಗಿ, ಇಂಗ್ಲೆಂಡಿನ ಕೌಟುಂಬಿಕ ಮೊಕದ್ದಮೆಗಳನ್ನು ನಡೆಸುವ ವಕೀಲರ ಕಚೇರಿಯಲ್ಲಿ ಕೆಲಸಕ್ಕಿದ್ದಳು. "ಆಂಟಿ, ಇಳಾ ಮೂರು ವರ್ಷಕ್ಕಿಂತ ಹೆಚ್ಚು ನಿಮ್ಮೊಟ್ಟಿಗೇ ಇದ್ದಳಲ್ಲ? ಅವಳು ಇಲ್ಲಿಂದ ಹೋದ ಮೂರು ತಿಂಗಳೊಳಗೆ ಅರ್ಜಿ ಹಾಕಿದ್ರೆ ಯಾರ ಅನುಮತಿಯೂ ಬೇಕಿರ್ಲಿಲ್ಲ. ಈಗ ಬರೀ ಅಜ್ಜಿ ಅಂದ್ರೆ ಸಾಕಾಗುದಿಲ್ಲ."

ಬರೀ ಅಜ್ಜಿ! ಅಳಿಯ ದೀಪಕ ಇಂಗ್ಲೆಂಡಿನ ಲೆಸ್ಟರಿನಲ್ಲಿ ವೈದ್ಯನಾಗಿದ್ದಾಗ, ಮಗಳು ನಿವೇದಿತಾ ದುಬೈಯಲ್ಲಿ ನೌಕರಿ ಮಾಡುತ್ತಿದ್ದಾಗ, ಆ ಕೂಸಿಗೆ ಎಣ್ಣೆ ಹಚ್ಚಿ ಎರೆದವಳು, ಜ್ವರ ಬಂದರೆ ತೊಡೆಯ ಮೇಲೆ ಮಲಗಿಸಿಕೊಂಡವಳು, ಆ ಕೂಸು ಆಯಿ ಎಂದು ಕರೆಯುತ್ತಿದ್ದ ಈ ಬರೀ ಅಜ್ಜಿಯೇ. ನಿವೇದಿತಾ ತೀರಿಕೊಂಡಳು. ದಿನಕರ್ಮ ಮುಗಿಯುತ್ತಲೇ ದೀಪಕ ಮಗಳನ್ನು ಕರೆದೊಯ್ದ. ವರ್ಷದೊಳಗೆ ಸ್ಟೇಸಿ ಎಂಬವಳನ್ನು ಮದುವೆಯಾದ. ದುಬೈಯ ಕಾಯ್ದೆಯಂತೆ ಇಲ್ಲಿ ವಾಟ್ಸಾಪಿನಲ್ಲಿ ಮುಖ ನೋಡಿ ಮಾತಾಡುವಂತಿಲ್ಲ, ಅದಕ್ಕೆ ಬೇರೆ ಆ್ಯಪ್ ಬೇಕು. ಅದನ್ನು ಹಾಕಿಕೊಳ್ಳಪ್ಪ ಎಂದರೆ ಇವತ್ತು ನಾಳೆ ಎಂದು ಸಾಗಹಾಕಿದ. ಕೊನೆಗೆ, ಮಗು ಹೊಸ ಮನೆಗೆ ಹೊಂದಿಕೊಳ್ಳಲಿ, ಹಳೆಯದನ್ನು ಕೆದಕಬೇಡಿ ಎಂದುಬಿಟ್ಟ. ವಾರಕ್ಕೊಮ್ಮೆ ಮುಖ ತೋರಿಸಿದರೆ ಸಾಕೆಂದು ಕೇಳಿದವಳಿಗೆ ಸಿಕ್ಕ ಉತ್ತರ ಇದು.

ನೀಲವ್ವನ ಸಿಟ್ಟು ಹೊರಳಿದ್ದು ಗಂಡನ ಕಡೆಗೆ. ದೂರದ ರುವೈಸ್‌ನ ನೌಕರಿಯಿಂದ ರಜೆಗೆ ಬಂದಿದ್ದ ಹೊನ್ನಪ್ಪ ಸೋಫಾದಲ್ಲಿ ಮುದುಡಿ ಕೂತಿದ್ದ. ಮಗಳ ವರ್ಷದ ಪೂಜೆ ಆಗುವ ಮೊದಲೇ ಅಳಿಯನ ಮೇಲೆ ಕೋರ್ಟು ಹತ್ತಿದರೆ ಮನೆತನದ ಮಾನ ಹೋಗುತ್ತದೆ ಎಂದು ತಡೆದವನು ಅವನೇ. ಮಾನವೇನೋ ಉಳಿಯಿತು, ಹಕ್ಕು ಹೋಯಿತು.

"ನಿಮ್ಮ ಮರ್ಯಾದಿ ನನ್ನ ಕೂಸಿನ್ನ ನುಂಗಿತ್ರಿ..." ಎನ್ನುತ್ತ ಅವಳು ಅತ್ತುಬಿಟ್ಟಳು. ಹೊನ್ನಪ್ಪನೂ ಮುಖ ಮುಚ್ಚಿಕೊಂಡು ಅತ್ತ.

ಅನುಮತಿಯ ಅರ್ಜಿ ಹೋಯಿತು. ಅದು ತಪ್ಪು, ಇದು ಸಾಲದು ಎಂದು ಕಾಗದಗಳು ತಿರುಗಿ ಬಂದವು, ಮತ್ತೆ ಹೋದವು. ಅಂತೂ ಒಂದು ಮಧ್ಯಾಹ್ನ ಜಸೀನಾಳ ಲ್ಯಾಪ್‌ಟಾಪಿನಲ್ಲಿ ಇಂಗ್ಲೆಂಡಿನ ನ್ಯಾಯಾಧೀಶೆ ಕಾಣಿಸಿಕೊಂಡರು. ವಕೀಲರು ಮಾತಾಡಿದರು, ದೀಪಕನ ಕಡೆಯವರು ಬೇಡವೆಂದರು. ನೀಲವ್ವ ಇಳಕಲ್ ಸೀರೆಯುಟ್ಟು ಕಟ್ಟಿಹಾಕಿದಂತೆ ಕೂತಿದ್ದಳು. ಕೇಳದೆ ಬಾಯಿ ತೆರೆಯಬಾರದೆಂದು ಅವಳಿಗೆ ಮೊದಲೇ ಹೇಳಿದ್ದರು. ಕೊನೆಗೆ ಅನುಮತಿ ಸಿಕ್ಕಿತು. ನಿಜವಾದ ವಿಚಾರಣೆಗೆ ಇನ್ನೂ ತಿಂಗಳುಗಳಿವೆ, ಅಷ್ಟರೊಳಗೆ ನೀವೇ ಮಾತಾಡಿಕೊಂಡರೆ ಮಗುವಿಗೆ ಒಳ್ಳೆಯದು ಎಂದು ನ್ಯಾಯಾಧೀಶೆ ಎರಡೂ ಕಡೆಗೆ ಹೇಳಿದರು. ಜಸೀನಾ ಖುಷಿಯಿಂದ ಕೈ ಹಿಡಿದಳು. ಕೇಳಬಹುದು ಎಂದರಷ್ಟೇ, ಕೊಡುತ್ತೇವೆ ಎನ್ನಲಿಲ್ಲವಲ್ಲ ಎಂದು ನೀಲವ್ವ ಕೈ ಬಿಡಿಸಿಕೊಂಡಳು.

ಆ ಭಾನುವಾರ, ಮನೆಗೆ ಬಂದಿದ್ದ ಹೊನ್ನಪ್ಪನ ಫೋನಿಗೆ, ದೀಪಕ ಹಾಕಿಕೊಳ್ಳದೆ ಸಾಗಹಾಕಿದ್ದ ಆ ಆ್ಯಪಿನಲ್ಲೇ ಕರೆ ಬಂತು. ದೀಪಕ! ಪರದೆಯ ಮೇಲೆ ಇಳಾ. ಮುಂದಿನ ಹಲ್ಲು ಬಿದ್ದಿತ್ತು, ಕೂದಲು ಗಿಡ್ಡವಾಗಿತ್ತು. ಅಜ್ಜಿಯನ್ನು ಕಂಡದ್ದೇ ಮಗುವಿನ ತುಟಿ ನಡುಗಿತು. ಪಕ್ಕಕ್ಕೆ ತಿರುಗಿ ಮೆಲ್ಲಗೆ ಕೇಳಿದಳು: "ಡ್ಯಾಡ್, ಆಮ್ ಐ ಅಲೌಡ್?"

ಅಷ್ಟು ಇಂಗ್ಲಿಷು ನೀಲವ್ವನಿಗೆ ತಿಳಿಯುತ್ತಿತ್ತು. ಐದು ವರ್ಷದ ಕೂಸೂ ಅಪ್ಪಣೆ ಕೇಳುತ್ತಿದೆ! ಅಳಿಯನ ಜನ್ಮ ಜಾಲಾಡುವಷ್ಟು ಮಾತು ಅವಳಲ್ಲಿತ್ತು. ಆದರೆ ತಾನು ಈಗ ಒಂದು ಮಾತು ಬಿರುಸಾಗಿ ಆಡಿದರೆ ಆ ಮಗು ಮುಂದೆ ಕೇಳುವುದಕ್ಕೂ ಹೆದರುತ್ತದೆ ಎಂದು ಅವಳಿಗೆ ಹೊಳೆಯಿತು.

ಕೋರ್ಟು ಕೊಟ್ಟಿದ್ದ ಅನುಮತಿಯನ್ನು ಬದಿಗಿಟ್ಟು, ಎಂದೂ ಅಳಿಯನ ಮುಂದೆ ತಗ್ಗದ ಆ ಹೆಣ್ಣುಮಗಳು ಸೆರಗು ಸರಿಮಾಡಿಕೊಂಡು ಕೇಳಿದಳು.

"ದೀಪಕಪ್ಪಾ, ಒಂದೀಟು ಮಾತಾಡಸಲೇನ್ರಿ?"

ಪರದೆಯಾಚೆಯಿಂದ ದೀಪಕನ ಒಡೆದ ದನಿ ಕೇಳಿಸಿತು. "ನನ್ನ ಯಾಕ ಕೇಳ್ತೀರಿ ಅತ್ತಿ... ಮಾತಾಡ್ರಿ."

"ಆಯಿ," ಎಂದಳು ಇಳಾ.