ಮೆತ್ತನೆ ಚಿಪ್ಪಿನ ಮೇಲೆ

ನಂಬದವರು ನಂಬುವುದು ಬೇಡ. ಹಾಡಹಗಲಲ್ಲಿ ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ೧೯೫೮ರ ಬೇಸಗೆ, ಬಂಟ್ವಾಳದಲ್ಲಿ ನೇತ್ರಾವತಿ ಸೊರಗಿತ್ತು. ಅಮ್ಮ ಒಗೆದ ಬಿಳಿ ಹೊದಿಕೆಯನ್ನು ನಾನು ನೀರಂಚಿನ ಮರಳಿನ ಮೇಲೆ ಹರಡಿದೆ. ಸುತ್ತಲೆಲ್ಲ ಅಂಗಾಲು ಸುಡುತ್ತಿದ್ದರೂ ಅಲ್ಲಿ ಮಾತ್ರ ಮರಳು ಕೊರೆಯುವಷ್ಟು ತಣ್ಣಗಿತ್ತು. ಗಾಳಿಯೇ ಇಲ್ಲದೆ ಹೊದಿಕೆ ಮೆಲ್ಲಗೆ ಏಳುತ್ತ, ಇಳಿಯುತ್ತ ಇತ್ತು.

“ಅಮ್ಮಾ, ಮರಳು ಉಸಿರಾಡ್ತಾ ಉಂಟು!”

“ಆಮೆ ಮಗಾ, ದೊಡ್ಡದು. ಮರಳಲ್ಲಿ ಹೂತುಕೊಂಡಿರ್ತದೆ. ಕಚ್ಚಿದರೆ ಬಿಡುವುದಿಲ್ಲ, ಈಚೆ ಬಾ.”

ಅಮ್ಮ ದೂರದಿಂದಲೇ ಹೊದಿಕೆಯನ್ನು ಎಳೆದಳು. ಮರಳು ಜಾರಿ, ಗೆರಸೆಗಿಂತಲೂ ಅಗಲವಾದ, ಚರ್ಮದಂತೆ ಮೆತ್ತನೆಯ ಚಿಪ್ಪು ಮೇಲೆದ್ದಿತು. ಅದರ ನಡುವೆ ಒಂದು ಪಾದದ ಅಚ್ಚು ಆಳವಾಗಿ ಮೂಡಿತ್ತು. ಅದಕ್ಕೆ ಆರು ಬೆರಳು.

ಕಾಲಿಗೆ ಆರು ಬೆರಳಿದ್ದದ್ದು ನನ್ನ ತಂಗಿ ಸರಸಳಿಗೆ. ಮೂರು ಮಳೆಗಾಲದ ಹಿಂದೆ ಇದೇ ಹೊಳೆ ಅವಳನ್ನು ಕೊಂಡೊಯ್ದಿತ್ತು, ಹೆಣ ಸಿಕ್ಕಿರಲಿಲ್ಲ. ಆಗ ಅವಳ ಪಾದ ಅಮ್ಮನ ಅಂಗೈಯೊಳಗೇ ಅಡಗುತ್ತಿತ್ತು.

ಕಚ್ಚುತ್ತದೆಂಬುದನ್ನೂ ಮರೆತು ಅಮ್ಮ ಆ ಅಚ್ಚಿನ ಮೇಲೆ ಕೈಯಿಟ್ಟಳು. ಆಮೆ ಅಲುಗಲಿಲ್ಲ. ಅಮ್ಮನ ಬೆರಳತುದಿಯ ಆಚೆಗೆ ಆ ಆರು ಬೆರಳೂ ಹೊರಗೇ ಉಳಿದವು.

“ಬೆಳೆದಿದ್ದಾಳೆ,” ಎಂದಳು ಅಮ್ಮ.